ಓಮನ ಸೂತ್ರವೂ ಬಚ್ಚಲುಮನೆಯ ಬಿಸಿನೀರೂ

ಸಂಸಾರಸ್ಥನಾದವನು ತೂಗದೆ, ಅಳೆಯದೆ ಯಾವ ಪದಾರ್ಥವನ್ನೂ ಮನೆಯೊಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ತೊಗರಿಬೇಳೆಯನ್ನು ಕೊಳ್ಳುವಾಗ ತಕ್ಕಡಿಯ ಮುಳ್ಳಿನ ಮೇಲೆ ಅವನ ಕಣ್ಣಿರುತ್ತದೆ. ಹಾಲಿನ ಪೊಟ್ಟಣವನ್ನು ಎತ್ತಿಕೊಳ್ಳುವಾಗ ಅದರ ಮೇಲಿನ ತಾರೀಖನ್ನು ಓದುತ್ತಾನೆ. ಚಿನ್ನವನ್ನಂತೂ ಒರೆಗೆ ಹಚ್ಚಿಸದೆ ಮುಟ್ಟುವುದೇ ಇಲ್ಲ. ಆದರೆ ಹಗಲಿರುಳೂ ಗೋಡೆಗಳ ಒಳಗೆ ಹರಿಯುತ್ತ, ದೀಪ ಬೆಳಗಿಸಿ, ಹಿಟ್ಟು ರುಬ್ಬಿ, ಬಟ್ಟೆ ಒಗೆದು, ಗಾಳಿ ಬೀಸುವ ವಿದ್ಯುಚ್ಛಕ್ತಿಯ ವಿಷಯದಲ್ಲಿ ಮಾತ್ರ ಅವನು ಪರಮ ಉದಾರಿ. ಅದು ಎಷ್ಟು ಬಂತು, ಎಲ್ಲಿ ಹರಿಯಿತು, ದಾರಿಯಲ್ಲಿ ಏನು ಮಾಡಿತು ಎಂಬುದನ್ನು ಅವನು ಕೇಳುವುದಿಲ್ಲ. ತಿಂಗಳಿಗೊಮ್ಮೆ ಬರುವ ಬಿಲ್ಲಿನ ಕೊನೆಯ ಸಾಲನ್ನು ಓದಿ, ಒಂದು ನಿಟ್ಟುಸಿರು ಬಿಟ್ಟು, ಹಣ ಕಟ್ಟಿ ಮರೆತುಬಿಡುತ್ತಾನೆ.

ಈ ಸೇವಕನ ಜಾತಕವೇನೂ ಗುಟ್ಟಾದುದಲ್ಲ. ಇಸ್ತ್ರಿ ಪೆಟ್ಟಿಗೆಯ ಬೆನ್ನ ಮೇಲೆ, ಮಿಕ್ಸಿಯ ತಳದಲ್ಲಿ, ಬಲ್ಬಿನ ನೆತ್ತಿಯಲ್ಲಿ, ಇರುವೆಯ ಸಾಲಿನಂತಹ ಅಕ್ಷರಗಳಲ್ಲಿ ಅದನ್ನು ಅಚ್ಚು ಹಾಕಿರುತ್ತಾರೆ: ಇಷ್ಟು ವೋಲ್ಟ್, ಇಷ್ಟು ವಾಟ್. ಹೈಸ್ಕೂಲಿನ ಮೆಟ್ಟಿಲು ಹತ್ತಿದವರೆಲ್ಲರೂ ಈ ಪದಗಳನ್ನು ಒಮ್ಮೆ ಬಾಯಿಪಾಠ ಮಾಡಿದವರೇ. ಪರೀಕ್ಷೆಯಲ್ಲಿ ನಾಲ್ಕು ಅಂಕ ತಂದುಕೊಟ್ಟ ಮೇಲೆ ಅವು ಹಳೆಯ ನೋಟುಪುಸ್ತಕಗಳೊಡನೆ ಅಟ್ಟವನ್ನು ಸೇರುತ್ತವೆ. ಅಲ್ಲಿಂದ ಅವನ್ನು ಮತ್ತೆ ಇಳಿಸಿ ತಂದವರಿಗೆ ಮಾತ್ರ ಅವು ಪರೀಕ್ಷೆಗಾಗಿ ಹುಟ್ಟಿದ ಪದಗಳಲ್ಲವೆಂದು ತಿಳಿಯುತ್ತದೆ.

ಮನೆಯ ಮೇಲಿನ ನೀರಿನ ತೊಟ್ಟಿಯನ್ನು ನೆನೆದರೆ ಇವುಗಳ ಸಂಬಂಧ ಮನಸ್ಸಿಗೆ ಹಿಡಿಯುತ್ತದೆ. ತೊಟ್ಟಿ ಎಷ್ಟು ಎತ್ತರದಲ್ಲಿದೆಯೋ ಅಷ್ಟು ರಭಸ ನಲ್ಲಿಯಲ್ಲಿರುತ್ತದೆ. ಆ ಎತ್ತರವೇ ವೋಲ್ಟ್. ಕ್ಷಣಕ್ಕೆ ಎಷ್ಟು ನೀರು ಹರಿಯುತ್ತದೆಯೋ ಅದು ಆಂಪಿಯರ್. ಕೊಳವೆ ಸಣ್ಣದಾಗಿದ್ದರೆ, ಉದ್ದವಾಗಿದ್ದರೆ, ಒಳಗೆ ಪಾಚಿ ಕಟ್ಟಿದ್ದರೆ ನೀರಿನ ಹರಿವಿಗೆ ಅಡ್ಡಿಯುಂಟಾಗುತ್ತದಲ್ಲವೆ? ವಿದ್ಯುತ್ತಿನ ದಾರಿಯಲ್ಲಿರುವ ಅಂತಹ ಅಡ್ಡಿಗೆ ರೋಧವೆಂದು ಹೆಸರು. ಅದರ ಅಳತೆ ಓಮ್. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್ ಬರುತ್ತದೆ. ವೋಲ್ಟನ್ನೂ ಆಂಪಿಯರನ್ನೂ ಗುಣಿಸಿದರೆ ವಾಟ್, ಎಂದರೆ ಕ್ಷಣಕ್ಷಣಕ್ಕೂ ನಡೆಯುವ ಕೆಲಸದ ಪ್ರಮಾಣ, ಬರುತ್ತದೆ. ಒಂದು ಭಾಗಾಕಾರ, ಒಂದು ಗುಣಾಕಾರ. ನಾಲ್ಕರಲ್ಲಿ ಎರಡು ತಿಳಿದರೆ ಉಳಿದೆರಡು ತಾವಾಗಿಯೇ ಕೈಗೆ ಬರುತ್ತವೆ. ಮಗ್ಗಿ ಬಲ್ಲ ಬಾಲಕನೂ ಮಾಡಬಹುದಾದ ಲೆಕ್ಕವಿದು. ಆದರೆ ಇದನ್ನು ಮೊದಲು ಕಂಡುಹಿಡಿದವನು ಇದಕ್ಕಾಗಿ ತೆತ್ತ ಬೆಲೆ ಸಣ್ಣದಲ್ಲ.

ಗೇಯಾರ್ಗ್ ಸೈಮನ್ ಓಮ್ ಹುಟ್ಟಿದ್ದು ೧೭೮೯ ರಲ್ಲಿ, ಜರ್ಮನಿಯ ಎರ್ಲಾಂಗೆನ್ ಎಂಬ ಊರಿನಲ್ಲಿ. ತಂದೆ ಬೀಗ ಮಾಡುವ ಕಮ್ಮಾರ. ಶಾಲೆಯ ಓದಿಲ್ಲದಿದ್ದರೂ ಸ್ವಂತ ಪರಿಶ್ರಮದಿಂದ ಗಣಿತವನ್ನು ಕಲಿತು ಮಕ್ಕಳಿಗೂ ಕಲಿಸಿದ ಸತ್ತ್ವಶಾಲಿ. ಮಗ ಮುಂದೆ ಕಲೋನ್ ನಗರದ ಒಂದು ಪ್ರೌಢಶಾಲೆಯಲ್ಲಿ ಉಪಾಧ್ಯಾಯನಾದ. ಪಾಠ ಮುಗಿದ ಮೇಲೆ ಶಾಲೆಯ ಪ್ರಯೋಗಶಾಲೆಯಲ್ಲಿ ತಂತಿಗಳನ್ನು ಅಳತೆ ಮಾಡಿ ಕತ್ತರಿಸಿ, ಒಂದೊಂದರಲ್ಲಿಯೂ ಎಷ್ಟು ಪ್ರವಾಹ ಹರಿಯುವುದೆಂದು ನೋಡುವುದು ಅವನ ಹವ್ಯಾಸ. ಆಗಿನ ಬ್ಯಾಟರಿಗಳು ನಂಬಿಕೆಗೆ ಅರ್ಹವಾಗಿರಲಿಲ್ಲ. ಪ್ರಯೋಗದ ಆರಂಭದಲ್ಲಿದ್ದ ಬಲ ಕೊನೆಯ ವೇಳೆಗೆ ಕುಂದಿಹೋಗುತ್ತಿತ್ತು. ತಕ್ಕಡಿಯ ಕಲ್ಲೇ ಕರಗುತ್ತಿದ್ದರೆ ತೂಕವನ್ನು ಹೇಗೆ ನಂಬುವುದು? ಆಗ ಅವನಿಗೆ ದೊರೆತ ಉಪಾಯ ಸೊಗಸಾದುದು. ತಾಮ್ರ ಮತ್ತು ಬಿಸ್ಮತ್ ಎಂಬ ಎರಡು ಲೋಹಗಳನ್ನು ಕೂಡಿಸಿ, ಒಂದು ಕೂಡನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯಲ್ಲಿಯೂ ಇರಿಸಿದರೆ ಸಣ್ಣದೊಂದು ವಿದ್ಯುದ್ಬಲ ಹುಟ್ಟುತ್ತದೆ. ಕುದಿಯುವ ನೀರಿನ ಉಷ್ಣವೂ ಕರಗುವ ಮಂಜಿನ ಶೀತವೂ ಬದಲಾಗುವುದಿಲ್ಲವಾದ್ದರಿಂದ ಆ ಬಲವೂ ಬದಲಾಗುವುದಿಲ್ಲ. ಈ ಆಸರೆ ಸಿಕ್ಕಿದ ಮೇಲೆ ೧೮೨೬ ರಲ್ಲಿ ನಿಯಮ ಸ್ಪಷ್ಟವಾಯಿತು. ಮರುವರ್ಷ ಬರ್ಲಿನ್ನಿನಲ್ಲಿ ಅವನ ಗ್ರಂಥ ಪ್ರಕಟವಾಯಿತು.

ಪ್ರಶಂಸೆಯನ್ನು ನಿರೀಕ್ಷಿಸಿದ್ದವನಿಗೆ ದೊರೆತದ್ದು ಉಪೇಕ್ಷೆ. ಭೌತವಿಜ್ಞಾನಕ್ಕೆ ಇಷ್ಟೊಂದು ಗಣಿತವನ್ನು ಬೆರೆಸುವುದು ಅಂದಿನ ಹಲವು ವಿದ್ವಾಂಸರಿಗೆ ರುಚಿಸಲಿಲ್ಲ. ವಿಶ್ವವಿದ್ಯಾನಿಲಯದಲ್ಲಿ ಸ್ಥಾನ ದೊರೆಯಬಹುದೆಂಬ ಆಸೆ ಕೈಗೂಡಲಿಲ್ಲ. ಓಮ್ ಕಲೋನಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಕೆಲವು ವರ್ಷ ಬರ್ಲಿನ್ನಿನಲ್ಲಿ ಅಲ್ಪ ಸಂಪಾದನೆಯ ಪಾಠ ಹೇಳಿಕೊಂಡು ಕಾಲ ಕಳೆದ. ೧೮೩೩ ರಲ್ಲಿ ನ್ಯೂರೆಂಬರ್ಗಿನಲ್ಲಿ ಒಂದು ಉದ್ಯೋಗ ದೊರೆಯಿತು. ೧೮೪೧ ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ತನ್ನ ಕಾಪ್ಲೆ ಪದಕವನ್ನು ಅವನಿಗೆ ಕೊಟ್ಟಿತು. ಹೊರಗಿನವರು ಮನ್ನಿಸಿದ ಮೇಲೆ ಮನೆಯವರೂ ಮನ್ನಿಸಿದರು. ಅವನು ಬಯಸಿದ್ದ ಪ್ರಾಧ್ಯಾಪಕ ಪೀಠ ಮ್ಯೂನಿಕ್ಕಿನಲ್ಲಿ ದೊರೆತದ್ದು ೧೮೫೨ ರಲ್ಲಿ, ಅರವತ್ತಮೂರನೆಯ ವಯಸ್ಸಿನಲ್ಲಿ. ಎರಡೇ ವರ್ಷಗಳಲ್ಲಿ ಅವನು ತೀರಿಕೊಂಡ. ೧೮೮೧ ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ವಿದ್ಯುತ್ ತಜ್ಞರ ಸಮ್ಮೇಳನವು ಇಟಲಿಯ ವೋಲ್ಟಾ, ಫ್ರಾನ್ಸಿನ ಆಂಪಿಯರ್, ಜರ್ಮನಿಯ ಓಮ್, ಈ ಮೂವರ ಹೆಸರುಗಳನ್ನೂ ಅಳತೆಗಳಿಗೆ ಇಟ್ಟು ಒಂದೇ ಸೂತ್ರದಲ್ಲಿ ಪೋಣಿಸಿತು. ತಮ್ಮ ತಮ್ಮಲ್ಲಿ ಕಾದಾಡುತ್ತಿದ್ದ ದೇಶಗಳು ಲೆಕ್ಕದ ಹಾಳೆಯ ಮೇಲಾದರೂ ಹೊಂದಿಕೊಂಡುವು.

ಓಮನಿಗಿಂತ ಸುಮಾರು ನಾಲ್ಕೂವರೆ ದಶಕ ಮೊದಲೇ ಈ ನಿಯಮದ ಸುಳಿವನ್ನು ಕಂಡವನೊಬ್ಬ ಇಂಗ್ಲೆಂಡಿನಲ್ಲಿದ್ದ. ಹೆನ್ರಿ ಕ್ಯಾವೆಂಡಿಷ್ ಮಹಾ ಶ್ರೀಮಂತ, ಅಷ್ಟೇ ಸಂಕೋಚದ ಸ್ವಭಾವದವನು. ಪ್ರವಾಹವನ್ನು ಅಳೆಯುವ ಉಪಕರಣ ಅವನ ಕಾಲಕ್ಕೆ ಇರಲಿಲ್ಲ. ಉಪ್ಪುನೀರು ತುಂಬಿದ ಗಾಜಿನ ನಳಿಕೆಗಳ ಮೂಲಕ ವಿದ್ಯುತ್ತನ್ನು ತನ್ನ ಮೈಗೇ ಹರಿಸಿಕೊಂಡು, ಯಾವ ಸಲ ಎಷ್ಟು ಜೋರಾಗಿ ಹೊಡೆಯಿತೆಂಬುದರಿಂದಲೇ ಅವನು ಹೋಲಿಕೆ ಮಾಡಿದ. ಸಿಕ್ಕ ಫಲವನ್ನು ಬರೆದಿಟ್ಟನೇ ಹೊರತು ಪ್ರಕಟಿಸಲಿಲ್ಲ. ಮ್ಯಾಕ್ಸ್‌ವೆಲ್ ಆ ಹಸ್ತಪ್ರತಿಗಳನ್ನು ೧೮೭೯ ರಲ್ಲಿ ಹೊರತಂದಾಗ ಲೋಕಕ್ಕೆ ಅದು ಗೊತ್ತಾಯಿತು. ಪೆಟ್ಟಿಗೆಯಲ್ಲಿಟ್ಟ ದೀಪ ಮನೆಯನ್ನು ಬೆಳಗುವುದಿಲ್ಲ. ಹೆಸರು ಓಮನಿಗೆ ಉಳಿದದ್ದು ನ್ಯಾಯವೇ.

ಈ ಲೆಕ್ಕದ ಪರಿವಾರಕ್ಕೆ ಇನ್ನೊಬ್ಬನನ್ನು ಸೇರಿಸಿಕೊಳ್ಳಬೇಕು. ಮ್ಯಾಂಚೆಸ್ಟರಿನ ಬಳಿಯ ಸಾಲ್ಫರ್ಡಿನಲ್ಲಿ ಬಿಯರ್ ತಯಾರಿಸುವವರ ಮನೆತನದಲ್ಲಿ ಹುಟ್ಟಿದ ಜೇಮ್ಸ್ ಜೂಲ್, ತಂತಿಯಲ್ಲಿ ಪ್ರವಾಹ ಹರಿದಾಗ ಹುಟ್ಟುವ ಕಾವನ್ನು ಅಳೆದು ೧೮೪೧ ರಲ್ಲಿ ಒಂದು ನಿಯಮವನ್ನು ಹೇಳಿದ: ಕಾವು ಪ್ರವಾಹದ ವರ್ಗವನ್ನು ಅನುಸರಿಸುತ್ತದೆ. ಆಂಪಿಯರನ್ನು ಅದರಿಂದಲೇ ಗುಣಿಸಿ, ಮತ್ತೆ ಓಮಿನಿಂದ ಗುಣಿಸಿದರೆ ಆ ತಂತಿ ಎಷ್ಟು ವಾಟನ್ನು ಬಿಸಿಯಾಗಿ ಕಳೆಯುವುದೆಂಬುದು ತಿಳಿಯುತ್ತದೆ. ಪ್ರವಾಹ ಎರಡರಷ್ಟಾದರೆ ಕಾವು ನಾಲ್ಕರಷ್ಟು. ಪ್ರವಾಹ ಹತ್ತರಷ್ಟಾದರೆ ಕಾವು ನೂರರಷ್ಟು. ಮನೆಯನ್ನು ಸುಡುವುದೂ ನಾಡನ್ನು ಬೆಳಗುವುದೂ ಈ ಒಂದೇ ವರ್ಗದ ಕೈಯಲ್ಲಿದೆ.

ನಾಡನ್ನು ಬೆಳಗಿದ ಕಥೆ ಕನ್ನಡಿಗರದೇ. ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗಳಿಗೆ ಮುಟ್ಟಿಸುವ ಯೋಜನೆ ದಿವಾನ್ ಶೇಷಾದ್ರಿ ಅಯ್ಯರವರ ಆಡಳಿತದಲ್ಲಿ ರೂಪುಗೊಂಡಿತು. ಅದರ ಹಿಂದೆ ನಿಂತು ದುಡಿದ ಎಂಜಿನಿಯರು ಜೋಲಿ ಡಿ ಲೊಟ್ಬಿನಿಯೇರ್ ಎಂಬ ಸೈನ್ಯಾಧಿಕಾರಿ. ೧೯೦೧ ರಲ್ಲಿ ತೀರಿಕೊಂಡ ಶೇಷಾದ್ರಿ ಅಯ್ಯರವರು ಅದರ ಪೂರ್ಣತೆಯನ್ನು ಕಾಣಲಿಲ್ಲ. ೧೯೦೨ ರಲ್ಲಿ ವಿದ್ಯುತ್ತು ಗಣಿಗಳನ್ನು ಮುಟ್ಟಿತು. ನಡುವಣ ದೂರ ಸುಮಾರು ೯೨ ಮೈಲಿ. ಬೆಟ್ಟ, ಬಯಲು, ಕೆರೆಯಂಗಳಗಳ ಮೇಲೆ ಹಾದುಹೋದ ಆ ತಂತಿಗಳಲ್ಲಿ ಶಕ್ತಿಯನ್ನು ಕಳುಹಿಸಿದ್ದು ೩೫,೦೦೦ ವೋಲ್ಟಿನಲ್ಲಿ. ಅಷ್ಟು ಭಯಂಕರವಾದ ವೋಲ್ಟ್ ಏಕೆ ಬೇಕಾಗಿತ್ತೆಂಬುದನ್ನು ಮನೆಯ ಹಜಾರದಲ್ಲಿ ಕುಳಿತೇ ಲೆಕ್ಕ ಹಾಕಬಹುದು.

ಮೂರು ತಂತಿಗಳ ಜಟಿಲತೆಯನ್ನು ಬದಿಗಿಟ್ಟು, ೧,೦೦೦ ಕಿಲೋವಾಟ್ ಶಕ್ತಿಯನ್ನು ಕಳುಹಿಸಬೇಕೆಂದೂ ದಾರಿಯ ರೋಧ ೧೦ ಓಮ್ ಎಂದೂ ಭಾವಿಸಿಕೊಳ್ಳೋಣ. ೩೫,೦೦೦ ವೋಲ್ಟಿನಲ್ಲಿ ಕಳುಹಿಸಿದರೆ ತಂತಿಯಲ್ಲಿ ಹರಿಯುವುದು ೨೮.೬ ಆಂಪಿಯರ್. ಅದರ ವರ್ಗವನ್ನು ಹತ್ತರಿಂದ ಗುಣಿಸಿದರೆ ದಾರಿಯಲ್ಲಿ ಬಿಸಿಯಾಗಿ ಸೋರಿಹೋಗುವುದು ಎಂಟು ಕಿಲೋವಾಟಿಗಿಂತ ಸ್ವಲ್ಪ ಹೆಚ್ಚು. ಎಂದರೆ ನೂರಕ್ಕೆ ಒಂದು ಪಾಲೂ ಇಲ್ಲ. ಅದೇ ಶಕ್ತಿಯನ್ನು ಮನೆಗಳಲ್ಲಿರುವ ೨೩೦ ವೋಲ್ಟಿನಲ್ಲಿ ಕಳುಹಿಸಹೊರಟರೆ ೪,೩೪೮ ಆಂಪಿಯರ್ ಹರಿಯಬೇಕು. ಆಗ ದಾರಿಯ ನಷ್ಟ ೧,೮೯,೦೦೦ ಕಿಲೋವಾಟ್! ಒಂದು ಸೇರು ಹಾಲನ್ನು ಊರಿಗೆ ಮುಟ್ಟಿಸಲು ದಾರಿಯಲ್ಲಿ ನೂರೆಂಬತ್ತೊಂಬತ್ತು ಸೇರು ಚೆಲ್ಲಬೇಕೆಂದಂತೆ. ಎಂದರೆ ಆ ಕಾರ್ಯ ನಡೆಯುವುದೇ ಇಲ್ಲ. ಕಾವೇರಿಯಲ್ಲಿ ನೀರಿತ್ತು, ಕೋಲಾರದಲ್ಲಿ ಚಿನ್ನವಿತ್ತು. ಎರಡನ್ನೂ ಬೆಸೆದದ್ದು ಈ ಗುಣಾಕಾರ. ಅದೇ ಶಕ್ತಿ ೧೯೦೫ ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪವಾಗಿ ಬಂತು. ಕೋಲಾರದ ಗಣಿಗಳು ೨೦೦೧ ರಲ್ಲಿ ಮುಚ್ಚಿಹೋದುವು. ಲೆಕ್ಕ ಮಾತ್ರ ಸವೆದಿಲ್ಲ.

ಅದು ಊರಾಚೆಯ ಮಹಾಕಾರ್ಯಗಳಲ್ಲಿ ಮಾತ್ರವಲ್ಲ, ಮನೆಯ ಬಚ್ಚಲಲ್ಲಿಯೂ ಹೇಗೆ ಕಾಯುತ್ತ ಕುಳಿತಿರುತ್ತದೆಂಬುದಕ್ಕೆ ಮೈಸೂರಿನ ಹಳೆಯ ಅಗ್ರಹಾರದ ಒಂದು ಮನೆಯಲ್ಲಿ ನಡೆದ ಸಂಗತಿ ನಿದರ್ಶನವಾಗಬಲ್ಲುದು. ಮೂರು ತಲೆಮಾರಿನ ಸಂಸಾರ: ಎಪ್ಪತ್ತು ದಾಟಿದ ಅಜ್ಜಿ, ಬ್ಯಾಂಕಿನಲ್ಲಿ ಕೆಲಸದಲ್ಲಿರುವ ಮಗ, ಸೊಸೆ, ಹತ್ತನೆಯ ತರಗತಿಯಲ್ಲಿ ಓದುವ ಮೊಮ್ಮಗಳು. ಧನುರ್ಮಾಸದಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಮಿಂದು, ಹುಗ್ಗಿಯ ನೈವೇದ್ಯವಿಡುವ ವ್ರತವನ್ನು ಅಜ್ಜಿ ಬಿಟ್ಟವರಲ್ಲ. ಬಚ್ಚಲ ಒಲೆಯ ಹೊಗೆಗೆ ಕೆಮ್ಮು ಹೆಚ್ಚಾಯಿತೆಂದು ಮಗ ಒಂದು ಗೀಸರ್ ತಂದ. ಹದಿನೈದು ಲೀಟರಿನದು, ೨,೦೦೦ ವಾಟಿನದು. ಬಚ್ಚಲಲ್ಲಿ ದೊಡ್ಡ ಪ್ಲಗ್ಗಿಗೆ ಸ್ಥಳವಿರಲಿಲ್ಲ. ಪಕ್ಕದ ಕೋಣೆಯಲ್ಲಿ ರೇಡಿಯೋ ಹಾಕುತ್ತಿದ್ದ ಚಿಕ್ಕ ಪ್ಲಗ್ಗಿಗೆ ನಡುವೆ ಒಂದು ಜೋಡಣೆಯನ್ನು ಸಿಕ್ಕಿಸಿ ಕೆಲಸ ನಡೆಸಿದರು. ಹೊಸ ತಂತಿ ಎಳೆಸುವುದನ್ನು ಹಬ್ಬ ಕಳೆದ ಮೇಲೆ ನೋಡಿಕೊಳ್ಳೋಣವೆಂದು ತೀರ್ಮಾನವಾಯಿತು. ಒಳ್ಳೆಯ ಮನಸ್ಸಿನಿಂದ ತಂದದ್ದು. ಆದರೆ ವಿದ್ಯುತ್ತು ಮನಸ್ಸನ್ನು ನೋಡುವುದಿಲ್ಲ.

ಎರಡು ವಾರ ಎಲ್ಲವೂ ಸುಖವಾಗಿ ನಡೆಯಿತು. ಆಮೇಲೆ ಒಂದು ಮುಂಜಾನೆ ಕೋಣೆಯಲ್ಲಿ ಸೀದ ಮೀನಿನ ಹಾಗೆಂದೋ ಸುಟ್ಟ ರಬ್ಬರಿನ ಹಾಗೆಂದೋ ಹೇಳಲಾಗದ ಒಂದು ಕಮಟು ವಾಸನೆ ಬಂತು. ಸೊಸೆ ಗೋಡೆಯನ್ನು ಮುಟ್ಟಿ ನೋಡಿದಾಗ ಪ್ಲಗ್ಗಿನ ಸುತ್ತ ಬೆಚ್ಚಗಿತ್ತು. ಮನೆಯ ಯಜಮಾನ ಫ್ಯೂಸಿನ ಪೆಟ್ಟಿಗೆಯನ್ನು ತೆರೆದು ನೋಡಿ, "ಫ್ಯೂಸ್ ಹೋಗಿಲ್ಲ. ಅಂದ ಮೇಲೆ ಏನೂ ಆಗಿಲ್ಲ ಬಿಡು" ಎಂದ. ಹೀಗೆ ಹೇಳುವವನು ಅವನೊಬ್ಬನೇ ಅಲ್ಲ. ಫ್ಯೂಸೆಂಬುದು ಸರ್ವಜ್ಞ, ಅದು ಸುಮ್ಮನಿದ್ದರೆ ಮನೆ ಕ್ಷೇಮವೆಂಬ ನಂಬಿಕೆ ಸಾವಿರಾರು ಮನೆಗಳಲ್ಲಿದೆ.

ಮೊಮ್ಮಗಳ ತರಗತಿಯಲ್ಲಿ ಅದೇ ವಾರ ವಿದ್ಯುತ್ತಿನ ಪಾಠ ನಡೆದಿತ್ತು. ಅವಳು ಗೀಸರಿನ ಹೊಟ್ಟೆಯ ಮೇಲಿದ್ದ ಸಂಖ್ಯೆಗಳನ್ನು ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡಳು. ೨,೦೦೦ ವಾಟನ್ನು ೨೩೦ ವೋಲ್ಟಿನಿಂದ ಭಾಗಿಸಿದಳು: ೮.೭ ಆಂಪಿಯರ್. ಪ್ಲಗ್ಗಿನ ಮೇಲೆ ೬ ಆಂಪಿಯರ್ ಎಂದು ಬರೆದಿತ್ತು. "ಅಪ್ಪಾ, ಇಲ್ಲಿ ನೋಡಿ. ಆರು ಜನ ಕೂರೋ ಜಟಕಾದಲ್ಲಿ ಒಂಬತ್ತು ಜನ ಕೂತಿದ್ದಾರೆ" ಎಂದಳು. ಯಜಮಾನ ನಕ್ಕ, ಆದರೆ ಹಾಳೆಯನ್ನು ಕೈಗೆ ತೆಗೆದುಕೊಂಡ. ಲೆಕ್ಕದ ಮುಂದಿನ ಭಾಗವನ್ನು ತಂದೆಯೂ ಮಗಳೂ ಸೇರಿಯೇ ಮಾಡಿದರು.

ಗೀಸರಿನ ರೋಧವೆಷ್ಟು? ೨೩೦ ನ್ನು ೮.೭ ರಿಂದ ಭಾಗಿಸಿದರೆ ಸುಮಾರು ೨೬.೫ ಓಮ್. ಇನ್ನು ಸಡಿಲವಾದ ಪ್ಲಗ್ಗಿನಲ್ಲಿ, ಪಿನ್ನೂ ಹಿತ್ತಾಳೆಯ ತುಟಿಯೂ ಅರೆಬರೆಯಾಗಿ ಮುಟ್ಟುವ ಜಾಗದಲ್ಲಿ, ಅರ್ಧ ಓಮಿನಷ್ಟು ರೋಧ ಹುಟ್ಟಿಕೊಂಡಿದೆಯೆಂದು ಇಟ್ಟುಕೊಂಡರು. ಈಗ ಒಟ್ಟು ರೋಧ ೨೭ ಓಮ್. ಹರಿಯುವ ಪ್ರವಾಹ ೮.೫ ಆಂಪಿಯರ್. ಎಂದರೆ ದೋಷವುಂಟಾದಾಗ ಪ್ರವಾಹ ಹೆಚ್ಚಲಿಲ್ಲ, ಕೊಂಚ ಕಡಿಮೆಯಾಯಿತು! ಫ್ಯೂಸು ಹೆಚ್ಚಾದದ್ದನ್ನು ಕಂಡರೆ ಮಾತ್ರ ಕೂಗುವ ಕಾವಲುಗಾರ. ಕಡಿಮೆಯಾದರೆ ಅದಕ್ಕೆ ನಿದ್ರೆಯೇ. ಅದು ಈ ಬೆಂಕಿಯನ್ನು ಎಂದಿಗೂ ಕಾಣಲಾರದು. ಗೀಸರಿಗೂ ೧,೯೦೦ ವಾಟಿಗಿಂತ ಹೆಚ್ಚಾಗಿಯೇ ಸಿಕ್ಕುತ್ತಿರುವುದರಿಂದ ನೀರು ಎಂದಿನಂತೆಯೇ ಕಾಯುತ್ತದೆ. ಸ್ನಾನ ಮಾಡುವವರಿಗೂ ಅನುಮಾನ ಹುಟ್ಟದು.

ಆದರೆ ಆ ಅರ್ಧ ಓಮಿನಲ್ಲಿ ಎಷ್ಟು ವಾಟ್ ಕಳೆಯುತ್ತಿದೆ? ೮.೫ ರ ವರ್ಗದ ಅರ್ಧ: ೩೬ ವಾಟ್. ಕೇಳಲು ಅಲ್ಪವೇ. ಆದರೆ ರೇಡಿಯೋ ರಿಪೇರಿಯವನ ಕೈಯಲ್ಲಿರುವ ಬೆಸುಗೆಯ ಕಡ್ಡಿ ಸಾಮಾನ್ಯವಾಗಿ ಇಪ್ಪತ್ತೈದು ವಾಟಿನದು. ಅದು ಬೆಸುಗೆಯ ಲೋಹವನ್ನೇ ಕರಗಿಸುತ್ತದೆ. ಅಂತಹ ಒಂದೂವರೆ ಕಡ್ಡಿಗಳ ಕಾವು, ಹೆಬ್ಬೆಟ್ಟಿನ ತುದಿಯಷ್ಟು ಜಾಗದಲ್ಲಿ, ಹಳೆಯ ಮರದ ಹಲಗೆಯ ಹಿಂದೆ, ದಿನವೂ ಬೆಳಗಿನ ಕತ್ತಲಲ್ಲಿ! ಇಷ್ಟೇ ಕಾವು ಮೂವತ್ತು ಮೀಟರ್ ತಂತಿಯ ಉದ್ದಕ್ಕೂ ಹರಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಅಷ್ಟುದ್ದಕ್ಕೆ ಅರ್ಧ ಓಮಿನಷ್ಟೇ ರೋಧವುಳ್ಳದ್ದು. ಹರಡಿದ ಕಾವು ಬೆಚ್ಚನೆಯ ತಂತಿ. ಒಂದೆಡೆ ಸೇರಿದ ಕಾವು ಬೆಂಕಿ. ಅದೇ ಪ್ಲಗ್ಗಿನಲ್ಲಿ ಮೊಬೈಲ್ ಫೋನಿನ ಚಾರ್ಜರನ್ನು ಹಾಕಿದಾಗ ಒಂದು ಆಂಪಿಯರಿನ ಹತ್ತನೆಯ ಒಂದು ಪಾಲು ಹರಿಯಿತೆನ್ನೋಣ. ಆಗ ಅಲ್ಲಿ ಕಳೆಯುವುದು ಒಂದು ವಾಟಿನ ಇನ್ನೂರನೆಯ ಒಂದು ಪಾಲು. "ಇಷ್ಟು ವರ್ಷ ಏನೂ ಆಗಿರಲಿಲ್ಲವಲ್ಲ" ಎಂಬ ಮಾತಿಗೆ ಉತ್ತರ ಇಲ್ಲಿದೆ. ದೋಷ ಇದ್ದರೂ ಇಷ್ಟು ವರ್ಷ ಅದರ ಮೇಲೆ ಹೊರೆ ಬಿದ್ದಿರಲಿಲ್ಲ.

ಯಜಮಾನ ಮತ್ತೆ ಮಾತನಾಡಲಿಲ್ಲ. ಮೇನ್ ಸ್ವಿಚ್ಚನ್ನು ಆರಿಸಿ ಬಂದು, ಬ್ಯಾಂಕಿಗೆ ಅರ್ಧ ದಿನದ ರಜ ಹೇಳಿ, ಪರಿಚಯದ ಎಲೆಕ್ಟ್ರೀಷಿಯನ್ನನ್ನು ಕರೆಸಿದ. ಪ್ಲಗ್ಗನ್ನು ಬಿಚ್ಚಿದಾಗ ಹಿತ್ತಾಳೆಯ ತುಟಿ ಕಪ್ಪಾಗಿ, ಸುತ್ತಲಿನ ಪ್ಲಾಸ್ಟಿಕ್ಕು ಹಪ್ಪಳದಂತೆ ಸುರುಟಿಕೊಂಡು, ಹಲಗೆಯ ಹಿಂಭಾಗದಲ್ಲಿ ರೂಪಾಯಿಯಗಲ ಕರಿಯ ಗುರುತು ಬಿದ್ದಿತ್ತು. "ಇನ್ನೊಂದು ವಾರ ಬಿಟ್ಟಿದ್ರೆ ಹೇಳೋಕಾಗ್ತಿರಲಿಲ್ಲ ಸಾರ್" ಎಂದ ಎಲೆಕ್ಟ್ರೀಷಿಯನ್. ಆ ಕೋಣೆಯಲ್ಲಿ ಮಲಗುತ್ತಿದ್ದವರು ಅಜ್ಜಿ ಮತ್ತು ಮೊಮ್ಮಗಳು. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, "ನಮ್ಮ ಒಲೆಯಾದರೆ ಹೊಗೆಯಾಡಿ ಹೇಳೋದು, ಇದು ಹೇಳೋದೇ ಇಲ್ಲವಲ್ಲ!" ಎಂದರು. ವಿದ್ಯುತ್ತನ್ನು ಕುರಿತು ಇದಕ್ಕಿಂತ ಸರಿಯಾದ ಮಾತನ್ನು ಪಂಡಿತರೂ ಆಡಲಾರರು. ಬೆಂಕಿಗೆ ನಾಲಗೆಯುಂಟು, ವಿದ್ಯುತ್ತಿಗೆ ಲೆಕ್ಕವೇ ನಾಲಗೆ.

ಫ್ಯೂಸಿನ ಪೆಟ್ಟಿಗೆಯಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ಹಿಂದೆ ಎಂದೋ ಪದೇ ಪದೇ ಫ್ಯೂಸ್ ಹೋಗುತ್ತಿದೆಯೆಂದು ಬೇಸತ್ತು ಯಾರೋ ಅದರಲ್ಲಿ ತೆಳುವಾದ ಫ್ಯೂಸ್ ತಂತಿಯ ಬದಲು ತಾಮ್ರದ ನಾಲ್ಕಾರು ಎಳೆಗಳನ್ನು ಹೊಸೆದು ಕಟ್ಟಿದ್ದರು. ಕೂಗುವ ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದ ಹಾಗೆ! ಗೋಡೆಯೊಳಗಿನ ತಂತಿ ಕರಗುವುದಕ್ಕೆ ಮೊದಲು ತಾನು ಕರಗಿ ಪ್ರಾಣ ಬಿಡುವುದೇ ಫ್ಯೂಸಿನ ಧರ್ಮ. ಅದನ್ನು ಬಲಪಡಿಸಿದವನು ಮನೆಯನ್ನು ದುರ್ಬಲಗೊಳಿಸುತ್ತಾನೆ.

ಹಬ್ಬ ಕಳೆಯುವ ತನಕ ಕಾಯದೆ, ಮೂರು ದಿನಗಳಲ್ಲಿ ಗೀಸರಿಗೆಂದೇ ನಾಲ್ಕು ಚದರ ಮಿಲಿಮೀಟರಿನ ತಂತಿ, ೧೬ ಆಂಪಿಯರಿನ ಪ್ಲಗ್ಗು, ಅದಕ್ಕೇ ಪ್ರತ್ಯೇಕವಾದ ಸ್ವಯಂಚಾಲಿತ ಸ್ವಿಚ್ಚು, ಸರಿಯಾದ ಭೂಸಂಪರ್ಕ ಎಲ್ಲವೂ ಬಂದುವು. ಜೊತೆಗೆ ಇಡೀ ಮನೆಗೆ ಇನ್ನೊಂದು ಚಿಕ್ಕ ಪೆಟ್ಟಿಗೆ ಬಂತು. ಅದರ ಮೇಲೆ ೩೦ ಮಿಲಿಆಂಪಿಯರ್ ಎಂದು ಬರೆದಿತ್ತು. ಅದರ ಬೆಲೆಯನ್ನು ಕೇಳಿ ಯಜಮಾನ ಹುಬ್ಬೇರಿಸಿದಾಗ ಲೆಕ್ಕ ಮತ್ತೊಮ್ಮೆ ಸಹಾಯಕ್ಕೆ ಬಂತು.

ಮನುಷ್ಯನ ಶರೀರವೂ ಒಂದು ತಂತಿಯೇ. ಒಣ ಚರ್ಮದ ರೋಧ ಸಾವಿರಾರು ಓಮ್. ಮೈ ಒದ್ದೆಯಾಗಿದ್ದರೆ ಸುಮಾರು ೧,೦೦೦ ಓಮಿಗೆ ಇಳಿದುಬಿಡಬಹುದು. ೨೩೦ ವೋಲ್ಟನ್ನು ೧,೦೦೦ ದಿಂದ ಭಾಗಿಸಿದರೆ ಒಂದು ಆಂಪಿಯರಿನ ಕಾಲುಪಾಲಿಗೂ ಕಡಿಮೆ: ೨೩೦ ಮಿಲಿಆಂಪಿಯರ್. ಐದು ಆಂಪಿಯರಿನ ಫ್ಯೂಸಿಗೆ ಇದು ಲೆಕ್ಕಕ್ಕೇ ಬಾರದ ಪ್ರವಾಹ; ಒಂದು ಹಳೆಯ ಅರವತ್ತು ವಾಟಿನ ಬಲ್ಬಿಗೆ ಬೇಕಾಗುವಷ್ಟೂ ಇಲ್ಲ. ಆದರೆ ಹೃದಯದ ಮಿಡಿತವನ್ನು ಕೆಡಿಸಲು ಅದರಲ್ಲಿ ಒಂದು ಅಂಶ ಸಾಕು. ಫ್ಯೂಸು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಹೋದ ಪ್ರವಾಹವೆಲ್ಲ ಹಿಂದಿರುಗಿತೆ ಎಂದು ಸದಾ ಲೆಕ್ಕ ನೋಡುತ್ತಿದ್ದು, ಮೂವತ್ತು ಮಿಲಿಆಂಪಿಯರಿನಷ್ಟು ಎಲ್ಲಿಯೋ ನೆಲಕ್ಕೆ ಸೋರಿತೆಂದು ಕಂಡರೆ ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕವನ್ನು ಕತ್ತರಿಸುವುದೇ ಆ ಚಿಕ್ಕ ಪೆಟ್ಟಿಗೆಯ ಕೆಲಸ. ಬೆಳಗಿನ ಜಾವದಲ್ಲಿ ಒದ್ದೆ ಮೈಯಲ್ಲಿ ಒಬ್ಬರೇ ಬಚ್ಚಲಲ್ಲಿ ನಿಲ್ಲುವ ತಾಯಿಯನ್ನು ನೆನೆದಾಗ ಬೆಲೆಯ ಮಾತು ತಾನಾಗಿ ನಿಂತಿತು. ಕ್ಯಾವೆಂಡಿಷ್ ತನ್ನ ಮೈಯನ್ನೇ ಅಳತೆಯ ಕೋಲಾಗಿ ಮಾಡಿಕೊಂಡ ಕಾಲ ಎಂದೋ ಮುಗಿಯಿತು. ಈಗ ಯಾರೂ ಹಾಗೆ ಅಳೆಯಬೇಕಾಗಿಲ್ಲ.

ಅಪಾಯವನ್ನು ತೋರಿಸುವುದೊಂದೇ ಈ ಲೆಕ್ಕದ ಕೆಲಸವಲ್ಲ. ಎಷ್ಟೋ ಹುಸಿ ಸಂಶಯಗಳನ್ನೂ ಅದು ಕಳೆಯುತ್ತದೆ. ಕೆಲವು ಬೆಳಗಿನಲ್ಲಿ ವೋಲ್ಟು ಇಳಿದು ನೀರು ಕಾಯುವುದು ತಡವಾಗುತ್ತದೆ. ತಡವಾದಷ್ಟೂ ಬಿಲ್ಲು ಏರುವುದೆಂದು ಮನೆಯವರು ಕೊರಗುತ್ತಾರೆ. ಗೀಸರಿನ ರೋಧ ಹೆಚ್ಚುಕಡಮೆ ಬದಲಾಗದು. ಆದ್ದರಿಂದ ಅದರ ವಾಟ್ ವೋಲ್ಟಿನ ವರ್ಗವನ್ನು ಅನುಸರಿಸುತ್ತದೆ. ೨೩೦ ಇದ್ದದ್ದು ೧೮೦ ಕ್ಕೆ ಇಳಿದರೆ ೨,೦೦೦ ವಾಟಿನ ಗೀಸರು ೧,೨೨೫ ವಾಟಿನದಾಗುತ್ತದೆ. ಹದಿನೈದು ಲೀಟರ್ ನೀರನ್ನು ೨೦ ಡಿಗ್ರಿಯಿಂದ ೫೫ ಡಿಗ್ರಿಗೆ ಏರಿಸಲು ಮೊದಲು ಹದಿನೆಂಟು ನಿಮಿಷ ಸಾಕಾಗಿತ್ತು. ಈಗ ಅರ್ಧ ಗಂಟೆ ಬೇಕು. ಆದರೆ ಎರಡು ಸಂದರ್ಭಗಳಲ್ಲಿಯೂ ಮೀಟರು ಎಣಿಸುವುದು ಯೂನಿಟ್ಟಿನ ಹತ್ತರಲ್ಲಿ ಸುಮಾರು ಆರು ಪಾಲನ್ನೇ. ನೀರಿಗೆ ಬೇಕಾದ ಕಾವು ಅಷ್ಟೇ. ನಿಧಾನವಾಗಿ ಕೊಟ್ಟರೂ, ಬೇಗ ಕೊಟ್ಟರೂ. ಕಳೆದುಹೋದದ್ದು ಹನ್ನೆರಡು ನಿಮಿಷ, ಹಣವಲ್ಲ.

ಓಮನ ನಿಯಮ ಎಲ್ಲೆಡೆಯೂ ಇಷ್ಟು ಸರಳವಾಗಿ ನಡೆದುಕೊಳ್ಳುವುದಿಲ್ಲವೆಂಬುದನ್ನೂ ಹೇಳಬೇಕು. ಅರವತ್ತು ವಾಟಿನ ಹಳೆಯ ಬಲ್ಬು ಉರಿಯುವಾಗ ಅದರ ತಂತುವಿನ ರೋಧ ಸುಮಾರು ೮೮೦ ಓಮ್. ಆರಿ ತಣ್ಣಗಾದಾಗ ಅದರ ಹತ್ತನೆಯ ಒಂದು ಪಾಲಿಗೂ ಇಳಿದಿರುತ್ತದೆ. ಅದರಿಂದಲೇ ಸ್ವಿಚ್ಚು ಒತ್ತಿದ ಕ್ಷಣದಲ್ಲಿ ಪ್ರವಾಹ ನುಗ್ಗಿ, ಮುದಿ ಬಲ್ಬುಗಳು ಬಹುಮಟ್ಟಿಗೆ ಆಗಲೇ ಪ್ರಾಣ ಬಿಡುತ್ತಿದ್ದುದು. ಫ್ಯಾನು, ಫ್ರಿಜ್ಜು ಮೊದಲಾದ ಮೋಟಾರಿನ ಯಂತ್ರಗಳಲ್ಲಿ ವೋಲ್ಟನ್ನೂ ಆಂಪಿಯರನ್ನೂ ಗುಣಿಸಿದರೆ ಬರುವ ಸಂಖ್ಯೆಗಿಂತ ನಿಜವಾದ ವಾಟ್ ಸ್ವಲ್ಪ ಕಡಿಮೆಯೇ ಇರುತ್ತದೆ. ಇಸ್ತ್ರಿ, ಗೀಸರ್, ನೀರು ಕಾಯಿಸುವ ಕಡ್ಡಿ, ಇಂತಹ ಕಾವಿನ ಸಾಧನಗಳಿಗೆ ಮಾತ್ರ ಸರಳ ಗುಣಾಕಾರ ಸಾಕು. ಮನೆಯನ್ನು ಸುಡುವ ಸಾಮರ್ಥ್ಯ ಹೆಚ್ಚಾಗಿ ಅವುಗಳಿಗೇ ಇರುವುದರಿಂದ ಗೃಹಸ್ಥನಿಗೆ ಇಷ್ಟು ವಿದ್ಯೆ ಪ್ರಯೋಜನಕ್ಕೆ ಬಾರದೆ ಇರದು.

ಶಾಲೆಯಲ್ಲಿ ಕಲಿತದ್ದೆಲ್ಲ ಬಾಳಿಗೆ ಬಾರದೆಂದು ಹಿರಿಯರು ಆಗಾಗ್ಗೆ ಹೇಳುವುದುಂಟು. ಬಾರದಿರುವುದು ವಿದ್ಯೆಯ ತಪ್ಪಲ್ಲ, ಅದನ್ನು ಕರೆಯದವರದು. ಬೀಗ ಮಾಡುವವನ ಮಗನೊಬ್ಬ ಮಂಜುಗಡ್ಡೆಯನ್ನೂ ಕುದಿಯುವ ನೀರನ್ನೂ ಮುಂದಿಟ್ಟುಕೊಂಡು, ಯಾರ ಮನ್ನಣೆಯೂ ಇಲ್ಲದೆ, ಹಟ ಹಿಡಿದು ಕಂಡುಕೊಂಡ ಒಂದು ಭಾಗಾಕಾರ ಇಂದು ಪ್ರತಿಯೊಂದು ಮನೆಯ ಬಾಗಿಲಲ್ಲಿಯೂ ನಿಂತಿದೆ. ಅದಕ್ಕೆ ಬೇಕಾದದ್ದು ಒಂದು ತುಂಡು ಕಾಗದ, ಒಂದು ಪೆನ್ಸಿಲು, ಮತ್ತು ಯಂತ್ರದ ಬೆನ್ನನ್ನು ತಿರುಗಿಸಿ ಓದುವ ಎರಡು ನಿಮಿಷದ ತಾಳ್ಮೆ. ಅಕ್ಕಿಯನ್ನು ಆರಿಸಿ ಅನ್ನಕ್ಕಿಡುವ ಮನೆಗಳಲ್ಲಿ ಆ ತಾಳ್ಮೆಗೆ ಬರವಿರಬಾರದು.